ತುಂಬಿದ ಟ್ಯಾಂಕು, ಹಸಿದ ಎಂಜಿನ್ನು

ಹೋದ ತಿಂಗಳು ಚಳ್ಳಕೆರೆಯಲ್ಲಿ ಒಂದು ಕಂಬಳಿ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಹೊಸ ಕಂಬಳಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಹಿಡಿದು, ನಡುವೆ ಬಿದ್ದ ಗುಳಿಗೆ ಒಂದು ಲೋಟ ನೀರು ಸುರಿದ. ನೀರು ಅಲ್ಲೇ ನಿಂತಿತು.

"ನೋಡ್ರಿ ಸಾರ್, ಒಂದು ಹನಿ ಕೆಳಗಿಳಿಯಲ್ಲ. ಹುಣಸೆಬೀಜದ ಗಂಜಿ ಕುಡಿಸಿರೋ ಮಾಲು" ಅಂದ.

ನಾನು ನೀರನ್ನು ನೋಡಲಿಲ್ಲ. ಬಗ್ಗಿ ಮೂಸಿದೆ. ಕುರಿಯ ಉಣ್ಣೆ, ಬೇಯಿಸಿದ ಹುಣಸೆಬೀಜದ ಗಂಜಿ. ಆ ವಾಸನೆಯಲ್ಲಿ ಒಂದು ಮಾತ್ರ ಕಡಿಮೆ ಇತ್ತು, ಪೆಟ್ರೋಲು. ಹಾಗೆ ಅನ್ನಿಸಿದ ಕೂಡಲೇ ನನ್ನ ಬಲಗೈ, ಕಂಬಳಿ ಹಿಡಿದಿದ್ದ ಕೈಯೇ, ಸ್ಕೂಟರಿನ ಹಿಡಿ ತಿರುವುವ ಹಾಗೆ ತಾನಾಗಿ ಬಿಗಿಯಿತು. ಆ ಆಷಾಢ ಕಳೆದು ಇಪ್ಪತ್ತು ವರ್ಷಕ್ಕೂ ಹೆಚ್ಚು ಆಗಿದೆ. ಕೈ ಮರೆತಿಲ್ಲ.

ತೊಂಬತ್ತರ ದಶಕ ಮುಗಿಯಲು ಇನ್ನೆರಡು ವರ್ಷ ಇತ್ತು. ನಾನು ಮೊಳಕಾಲ್ಮುರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆ ಚಳ್ಳಕೆರೆಯಲ್ಲಿ, ಅವ್ವನ ಜೊತೆ. ನಡುವೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಮೂರು ವರ್ಷದವನಿದ್ದಾಗ ಬಂದ ಪೋಲಿಯೋ ನನ್ನ ಎಡಗಾಲನ್ನು ತೆಳ್ಳಗೆ ಮಾಡಿಟ್ಟಿತ್ತು. ಬಸ್ಸಿನ ಮೊದಲ ಮೆಟ್ಟಿಲು ನನಗೆ ಎತ್ತರ. ಕಂಡಕ್ಟರು ಕಂಕುಳಿಗೆ ಕೈ ಕೊಟ್ಟು ಎತ್ತಿ, "ಸೀಟ್ ಬಿಡ್ರಪ್ಪ, ಪಾಪ" ಅನ್ನುತ್ತಿದ್ದ. ಅವನ ಮನಸ್ಸು ಒಳ್ಳೆಯದು. ನನಗೆ ಆ ಎರಡಕ್ಷರ ಬೇಡವಾಗಿತ್ತು. ಅದಕ್ಕೇ ನನಗಿಂತ ಎರಡು ವರ್ಷ ಮೊದಲೇ ಹುಟ್ಟಿದ್ದ ಒಂದು ಹಳೆಯ ಸ್ಕೂಟರನ್ನು ತೆಗೆದುಕೊಂಡೆ. ಅದರ ಎರಡೂ ಪಕ್ಕಕ್ಕೆ ಇನ್ನೆರಡು ಚಕ್ರ ಕಟ್ಟಿಸಿದೆ.

ಕಟ್ಟಿಕೊಟ್ಟವನು ದಸ್ತಗೀರ್. ಬಳ್ಳಾರಿ ರಸ್ತೆಯ ಬದಿಯಲ್ಲಿ ತಗಡಿನ ಶೆಡ್ಡು, ಮೂರು ಗೋಡೆ, ಗೋಡೆಗಳ ತುಂಬ ಮೊಳೆ, ಮೊಳೆಗೊಂದು ಸ್ಪ್ಯಾನರು. ಒಂದು ವರ್ಷ ನನ್ನ ಪಾಡು ನೋಡಿದ. ಆಷಾಢದ ಗಾಳಿಗೆ ಎದುರಾಗಿ ಹೋಗುವಾಗ ಸ್ಕೂಟರು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿತ್ತು. ಸೈಕಲ್ಲಿನವರು ನನ್ನ ಪಕ್ಕದಲ್ಲಿ ಮಾತಾಡಿಕೊಂಡು ಬರುತ್ತಿದ್ದರು. ದಿನವೂ ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟುತ್ತಿದ್ದೆ.

"ಮೇಷ್ಟ್ರೆ, ಗಾಡಿಗೆ ನಾಲ್ಕು ಚಕ್ರ ಆದ್ವು. ಎದೆ ಮಾತ್ರ ಎರಡು ಚಕ್ರದ್ದೇ ಐತೆ" ಅಂದ ಒಂದು ದಿನ. "ಎದೆ ದೊಡ್ಡದು ಮಾಡೋಣ."

ಬೇಸಿಗೆ ರಜೆಯಲ್ಲಿ ಮಾಡಿದ. ಸಿಲಿಂಡರನ್ನು ಕೊರೆಸಿ ದೊಡ್ಡ ಪಿಸ್ಟನ್ ಕೂರಿಸಿದ. ಗಾಳಿ ಪೆಟ್ರೋಲು ಒಳಗೆ ನುಗ್ಗುವ ದಾರಿಗಳನ್ನು ಅರದಿಂದ ಉಜ್ಜಿ ಅಗಲ ಮಾಡಿದ. ಬೇರೆ ದೊಡ್ಡ ಎಂಜಿನ್ನಿನ ಕಾರ್ಬೋರೇಟರ್ ತಂದು ಹಾಕಿದ. ಜೂನ್ ಮೊದಲ ದಿನ ನಾನು ದಾರಿಯಲ್ಲಿನ ತಳಕು ಊರಿನ ಹತ್ತಿರದ ಏರನ್ನು ಮೂರನೇ ಗೇರಿನಲ್ಲಿ ಹತ್ತಿದೆ. ಶಾಲೆಯ ಗೇಟಿಗೆ ಇನ್ನೂ ಬೀಗ ಇತ್ತು. ಗೇಟಿನ ಹೊರಗೆ ಸ್ಕೂಟರಿನ ಮೇಲೇ ಕೂತು ಬೀಗ ತೆಗೆಯುವವರನ್ನು ಕಾದೆ. ನನ್ನ ಉದ್ಯೋಗದಲ್ಲಿ ಅಷ್ಟು ಸಂತೋಷದಿಂದ ಕಾದದ್ದು ಅದೇ ಮೊದಲ ಸಲ.

ಆಷಾಢ ಹಿಡಿಯಿತು. ನಮ್ಮ ಕಡೆ ಆಷಾಢವೆಂದರೆ ಮಳೆಯಲ್ಲ, ಗಾಳಿ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆ ದೀಪ ಹಚ್ಚುವವರೆಗೆ ಹೋ ಎಂದು ಒಂದೇ ಸಮನೆ. ಶೇಂಗಾ ಬಿತ್ತಿದ ಹೊಲಗಳ ಕೆಂಪು ಮಣ್ಣು ರಸ್ತೆಗೆ ಅಡ್ಡ ಹರಿಯುತ್ತದೆ. ಹೊಸ ಪಿಸ್ಟನ್ ಪಳಗಲೆಂದು ಅದುವರೆಗೆ ಅರ್ಧವೇ ತಿರುವುತ್ತಿದ್ದ ಹಿಡಿಯನ್ನು ಆ ಗಾಳಿಗೆ ಪೂರ್ತಿ ತಿರುವತೊಡಗಿದೆ, ಎಂಜಿನ್ನು ನಿಲ್ಲತೊಡಗಿತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಒಂದೆರಡು ಸಲ ತೊದಲಿ, ಸೋತು, ಸುಮ್ಮನಾಗುತ್ತಿತ್ತು. ಇಳಿದು, ಸೀಟು ಎತ್ತಿ, ಅದರಡಿಯ ಕಂಬಳಿ ತೆಗೆದು, ಟ್ಯಾಂಕಿನ ಮುಚ್ಚಳ ತೆಗೆದು ಇಣುಕುತ್ತಿದ್ದೆ. ಪೆಟ್ರೋಲು ಬೇಕಾದಷ್ಟು ಇರುತ್ತಿತ್ತು. ಮುಚ್ಚಳ ಹಾಕಿ ಒದ್ದರೆ ಮತ್ತೆ ಶುರು. ಇನ್ನೊಂದಷ್ಟು ದೂರ ಹೋಗಿ ಮತ್ತೆ ನಿಲ್ಲುತ್ತಿತ್ತು.

ಎರಡನೇ ವಾರದ ಒಂದು ಬೆಳಿಗ್ಗೆ ಅದು ಸುಮ್ಮನೆ ನಿಲ್ಲಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಚಳ್ಳಕೆರೆಯಿಂದ ಒಂಬತ್ತನೆಯ ಕಿಲೋಮೀಟರ್ ಕಲ್ಲು ದಾಟಿದ್ದೆ. ಮೂರನೇ ಗೇರು, ಹಿಡಿ ಪೂರ್ತಿ ತಿರುವಿದ್ದೆ. ಮೊದಲು ಎಂಜಿನ್ನಿನ ಸದ್ದು ತೆಳ್ಳಗಾಯಿತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಒಂದು ಕೂಗು. ಹಿಂದಿನ ಚಕ್ರ ಬಿಗಿದುಕೊಂಡಿತು. ಸ್ಕೂಟರು ಅಡ್ಡ ತಿರುಗಿ, ಬಲಗಡೆಯ ಪಕ್ಕದ ಚಕ್ರ ಮುರಿದು, ನಾನು ಡಾಂಬರಿನ ಮೇಲೆ ಬಿದ್ದೆ. ಹಿಂದೆ ಚೀಲ ತುಂಬಿದ ಲಾರಿ ಬರುತ್ತಿತ್ತು. ಬ್ರೇಕಿನ ಸದ್ದು ಕೇಳಿದೆ. ಕಣ್ಣು ತೆರೆದಾಗ ಲಾರಿಯ ಮುಂದಿನ ಚಕ್ರ ನನ್ನ ಬಲಗೈಯ ಹತ್ತಿರ ಇತ್ತು. ಎಷ್ಟು ಹತ್ತಿರ ಅಂತ ಎದ್ದ ಮೇಲೆ ಅಳೆದು ನೋಡಿದೆ. ಎರಡು ಮೊಳಕ್ಕೆ ಸ್ವಲ್ಪ ಕಡಿಮೆ.

ಡ್ರೈವರ್ ಬಾಗಿಲು ದಬ್ಬಿ ಧುಮುಕಿದ. "ಲೇ, ಸಾಯಾಕೆ ನಮ್..." ಅಂದವನು ನನ್ನ ಕಾಲು ನೋಡಿದ. ಬಾಯಿ ಮುಚ್ಚಿದ. ಕೈ ಮುಗಿದು, "ಏಳಣ್ಣ, ಮೆಲ್ಲಗೆ ಏಳು" ಅಂದ. ಅವನು ಅರ್ಧದಲ್ಲಿ ನುಂಗಿದ ಆ ಬೈಗುಳ ಮೊಣಕೈಯ ಗಾಯಕ್ಕಿಂತ ಹೆಚ್ಚು ದಿನ ಉರಿಯಿತು.

ದಸ್ತಗೀರ್ ಎಂಜಿನ್ ಬಿಚ್ಚಿ, ಪಿಸ್ಟನ್ನಿನ ಮೈಮೇಲಿನ ಗೀರುಗಳನ್ನು ಉಗುರಿನಿಂದ ತೋರಿಸಿದ.

"ಇದ್ರಾಗೆ ಪೆಟ್ರೋಲ್ ಜೊತೇನೇ ಆಯಿಲ್ ಹೋಗೋದು ಮೇಷ್ಟ್ರೆ. ಪೆಟ್ರೋಲ್ ಬರ್ಲಿಲ್ಲ ಅಂದ್ರೆ ಆಯಿಲ್ಲೂ ಬರ್ಲಿಲ್ಲ. ಒಣಗಿದ ಗಂಟಲಾಗೆ ರೊಟ್ಟಿ ನುಂಗಿದಂಗೆ. ಅದಕ್ಕೇ ಸಿಕ್ಕೊಂಡೈತೆ."

"ಟ್ಯಾಂಕ್ ತುಂಬ ಇತ್ತಲ್ಲ ದಸ್ತಗೀರ್."

"ಅದೇ ನಂಗೂ ಅರ್ಥ ಆಗ್ವಲ್ದು."

ಅವತ್ತಿನಿಂದ ಆ ಕಲ್ಲು ಹತ್ತಿರ ಬಂದರೆ ನನ್ನ ಬಲಗೈ ನಡುಗುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಆದರೆ ಕಂಡವರಿಗೆ ಕಾಣುತ್ತಿತ್ತು.

ನಮ್ಮ ಮುಖ್ಯೋಪಾಧ್ಯಾಯರು ತಿಪ್ಪೇಸ್ವಾಮಿ ಸರ್. ಕೆಟ್ಟವರಲ್ಲ. ಹತ್ತನೇ ತರಗತಿಗೆ ಮೊದಲ ಪಿರಿಯಡ್ಡೇ ಗಣಿತ. ಮಕ್ಕಳು ಖಾಲಿ ಬೋರ್ಡು ನೋಡುತ್ತ ಕೂತಿರುವುದನ್ನು ಅವರಿಗೆ ಸಹಿಸಲಾಗುತ್ತಿರಲಿಲ್ಲ, ನನಗೂ ಸಹಿಸಲಾಗುತ್ತಿರಲಿಲ್ಲ. ಒಂದು ದಿನ ನನ್ನನ್ನು ಕೂರಿಸಿಕೊಂಡು ಹಸಿರು ರಟ್ಟಿನ ಒಂದು ಫೈಲು ಮುಂದಿಟ್ಟರು. ಒಳಗೆ ನನ್ನ ಹೆಸರಿನಲ್ಲಿ ಟೈಪು ಮಾಡಿಸಿದ ಅರ್ಜಿ. ಚಳ್ಳಕೆರೆಯಲ್ಲೇ ಕೂತು ಮಾಡುವ ಕಚೇರಿ ಕೆಲಸಕ್ಕೆ ನನ್ನನ್ನು ಹಾಕಬೇಕೆಂದು ಕೋರಿಕೆ. ಸಹಿ ಮಾತ್ರ ಬಾಕಿ.

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಕಣ್ರಿ. ಅವತ್ತು ಆ ಲಾರಿ ಒಂಚೂರು ಮುಂದೆ ಬಂದಿದ್ರೆ?"

ಓದಿದೆ. ಮೂರನೆಯ ಸಾಲಿನಲ್ಲಿ ಒಂದು ಪದವಿತ್ತು. "ನಾನು ಓಡಾಡಲು ಅಶಕ್ತನಾದ ಕಾರಣ."

"ಸರ್, ನಾನು ಅಶಕ್ತ ಅಲ್ಲ. ಗಾಡಿ ನಿಲ್ತಾ ಐತೆ."

"ಎರಡೂ ಒಂದೇ ಅಲ್ವೇನ್ರಿ? ಗಾಡಿ ಬರ್ಲಿಲ್ಲ ಅಂದ್ರೆ ನೀವು ಬರ್ಲಿಲ್ಲ."

"ಒಂದೇ ಅಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ಸರಿ, ಭೀಮನ ಅಮಾಸೆವರೆಗೂ ನೋಡ್ತೀನಿ. ಗಾಡಿ ಸರಿ ಮಾಡ್ಸಿ ಹೊತ್ತಿಗೆ ಸರಿಯಾಗಿ ಬನ್ನಿ. ಆಗ್ಲಿಲ್ವಾ, ಹಟ ಮಾಡ್ಬಾರ್ದು. ಸಹಿ ಹಾಕ್ಬೇಕು."

ಫೈಲನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಅಮಾವಾಸ್ಯೆಗೆ ಹದಿನೇಳು ದಿನ ಇತ್ತು.

ದಸ್ತಗೀರ್ ಆ ದಿನಗಳಲ್ಲಿ ಮಾಡದೆ ಬಿಟ್ಟದ್ದು ಯಾವುದೂ ಇಲ್ಲ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ಬಿಚ್ಚಿ ಅದರ ತೂತನ್ನು ಅಗಲ ಮಾಡಿದ. ಪೈಪು ಎಲ್ಲೋ ಬಾಗಿ ಗಾಳಿ ಸಿಕ್ಕಿಕೊಳ್ಳುತ್ತಿರಬಹುದೆಂದು ಹೊಸ ಪೈಪನ್ನು ಗಿಡ್ಡಗೆ ಕತ್ತರಿಸಿ ಹಾಕಿದ. ಕಾರ್ಬೋರೇಟರಿನ ಒಳಗೆ ಪೆಟ್ರೋಲನ್ನು ಅಳತೆ ಮಾಡಿ ಬಿಡುವ ಜೆಟ್ಟನ್ನು ಮೂರು ಸಲ ಬದಲಾಯಿಸಿದ. ಟ್ಯಾಂಕು ಕಳಚಿ ಸಣ್ಣ ಜಲ್ಲಿ ಹಾಕಿ ಕುಲುಕಿ ತೊಳೆದ. ಒಂದೊಂದು ರಿಪೇರಿಯಾದ ಮೇಲೂ ತಾನೇ ಹತ್ತಿ ತಳಕಿನವರೆಗೆ ಓಡಿಸಿಕೊಂಡು ಬರುತ್ತಿದ್ದ, ನನಗಿಂತ ಜೋರಾಗಿ. ಒಂದು ಸಲವೂ ನಿಲ್ಲಲಿಲ್ಲ. "ಕುದುರೆ ಆಗೈತೆ ಮೇಷ್ಟ್ರೆ!" ಅನ್ನುತ್ತಿದ್ದ. ಮರುದಿನ ಬೆಳಿಗ್ಗೆ ನನ್ನ ಕೆಳಗೆ ಆ ಕುದುರೆ ನಿಲ್ಲುತ್ತಿತ್ತು.

ಎದುರುಗಡೆಯ ಶೆಡ್ಡಿನ ಮೆಕ್ಯಾನಿಕ್ಕಿಗೆ ಇದು ಪ್ರತಿದಿನದ ಮೋಜು.

"ಏನ್ ಭಾಯ್, ರಾಕೆಟ್ ಮತ್ತೆ ನೆಲಕ್ಕೆ ಬಿತ್ತಾ? ಸಣ್ಣ ಹೊಟ್ಟೆಗೆ ದೊಡ್ಡ ಬಾಯಿ ಇಟ್ರೆ ಇನ್ನೇನಾಗ್ತೈತೆ. ಹಳೇ ಅಳತೆ ಸಿಲಿಂಡ್ರು, ಹಳೇ ಕಾರ್ಬೋರೇಟ್ರು ಹಾಕಿ ಕೊಡಲೇ. ಮೇಷ್ಟ್ರು ಮೆಲ್ಲಗೆ ಹೋಗ್ತಾರೆ. ಅವರಿಗ್ಯಾಕೆ ಜೋರು?"

ಈ ಕೊನೆಯ ಮಾತಿಗೆ ಉತ್ತರ ನಾನು ಕೊಟ್ಟೆ. "ನನಗೆ ಯಾಕೆ ಜೋರು ಅಂದ್ರೆ, ನನಗೂ ಹತ್ತು ಗಂಟೆಗೇ ಹತ್ತು ಹೊಡಿತೈತೆ ಕಣಣ್ಣ." ಅವನು ನಕ್ಕ. ಆದರೆ ಅವನ ಸಲಹೆ ಗಾಳಿಗೆ ಹಾರಿಹೋಗಲಿಲ್ಲ. ಹಳೆಯ ಎಂಜಿನ್ನಿಗೆ ವಾಪಸಾದರೆ ಗಾಡಿ ನಿಲ್ಲುವುದಿಲ್ಲ, ಹೊತ್ತಿಗೆ ಮುಟ್ಟುವುದೂ ಇಲ್ಲ. ಅಂದರೆ ಸಹಿ.

ಒಂದು ಸಂಜೆ ದಸ್ತಗೀರ್ ಬಹಳ ಹೊತ್ತು ಕೈ ಒರೆಸಿಕೊಂಡ.

"ಮೇಷ್ಟ್ರೆ, ಬೇಜಾರಾಗಬ್ಯಾಡ್ರಿ. ನಾನು ಓಡ್ಸಿದ್ರೆ ನಿಲ್ಲಲ್ಲ. ನೀವು ಓಡ್ಸಿದ್ರೆ ನಿಲ್ತೈತೆ. ಅವತ್ತಿನಿಂದ ನಿಮ್ ಕೈ..."

ಲಾರಿ ಡ್ರೈವರನ ಹಾಗೆ ಅವನೂ ಅರ್ಧಕ್ಕೆ ನುಂಗಿದ.

ಮನೆಗೆ ಬಂದು ಬಲಗೈಯನ್ನು ಮೇಜಿನ ಮೇಲೆ ಇಟ್ಟು ನೋಡಿದೆ. ಭಯದಿಂದ ನಾನೇ ಹಿಡಿ ಸಡಿಲಿಸುತ್ತಿದ್ದೇನೆಯೇ? ಎಂಜಿನ್ನು ನಿಲ್ಲುತ್ತಿದೆಯೋ, ನಾನೇ ನಿಲ್ಲಿಸುತ್ತಿದ್ದೇನೋ? ಹಾಗಾದರೆ ಆ ಮೂರನೆಯ ಸಾಲಿನ ಪದ ಸರಿಯೇ. ಆ ಸಂಜೆ ನಾನು ಫೈಲನ್ನು ತೆಗೆದೆ, ಪೆನ್ನನ್ನೂ ತೆಗೆದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಮಕ್ಕಳಿಗೆ ದಿನವೂ ಹೇಳುವ ಮಾತೊಂದಿತ್ತು: ಲೆಕ್ಕ ಮಾಡಿ ತೋರಿಸದ ಉತ್ತರಕ್ಕೆ ಅಂಕವಿಲ್ಲ. ಪೆನ್ನು ಹಿಡಿದದ್ದೇ ಹಿಡಿದೆ, ಫೈಲು ಬಿಟ್ಟು ಒಂದು ಎಕ್ಸರ್‌ಸೈಜ್ ಪುಸ್ತಕ ತೆಗೆದು ಗೆರೆ ಎಳೆದೆ. ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು, ಯಾವ ವೇಗ, ಯಾವ ಕಲ್ಲಿನ ಹತ್ತಿರ ನಿಂತಿತು, ಮತ್ತೆ ಶುರುವಾಗುವ ಮೊದಲು ನಾನು ಏನು ಮಾಡಿದೆ.

ಒಂಬತ್ತು ದಿನ ಬರೆದೆ. ನಿಂತಲ್ಲೆಲ್ಲ ಹೆದರಿಕೆಯಾಗುತ್ತಿತ್ತು, ಆದರೂ ಮೊದಲು ಬರೆದು ಆಮೇಲೆ ಹೆದರುತ್ತಿದ್ದೆ. ಪುಸ್ತಕ ಹೇಳಿದ್ದು ಇಷ್ಟು. ಟ್ಯಾಂಕು ಅರ್ಧ ಇದ್ದರೆ ಹದಿನೈದನೆಯ ಕಲ್ಲಿನ ಆಚೀಚೆ ನಿಲ್ಲುತ್ತದೆ. ಟ್ಯಾಂಕು ಪೂರ್ತಿ ತುಂಬಿಸಿದ ದಿನ ಒಂಬತ್ತರಲ್ಲೇ ನಿಲ್ಲುತ್ತದೆ. ಕುರಿಮಂದೆ ಅಡ್ಡ ಬಂದು ನಿಧಾನ ಹೋದ ದಿನ ನಿಲ್ಲುವುದೇ ಇಲ್ಲ. ಈ ಕೋಷ್ಟಕವನ್ನು ದಸ್ತಗೀರನಿಗೆ ತೋರಿಸಿದೆ. "ಹೊಟ್ಟೆ ತುಂಬಿದಾಗಲೇ ಬೇಗ ಹಸಿವಾಗ್ತೈತೇನ್ರಿ? ಎಲ್ಲಾ ಉಲ್ಟಾ ಐತೆ" ಎಂದು ತಲೆ ಕೆರೆದುಕೊಂಡ. ನನ್ನ ಕೈಯ ಬಗ್ಗೆ ಮಾತ್ರ ಮತ್ತೆ ಮಾತೆತ್ತಲಿಲ್ಲ. ನಡುಗುವ ಕೈಗೆ ಟ್ಯಾಂಕು ತುಂಬಿದೆಯೋ ಅರ್ಧ ಇದೆಯೋ ಹೇಗೆ ಗೊತ್ತಾಗಬೇಕು?

ಹದಿನೈದನೆಯ ಕಲ್ಲಿನ ಬಳಿ ಬೇವಿನ ಮರದ ಕೆಳಗೆ ಓಬಕ್ಕನ ಟೀ ಅಂಗಡಿ. ರಾಯದುರ್ಗದ ಕಡೆಯಿಂದ ಮದುವೆಯಾಗಿ ಬಂದವಳು. ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಕೆಲವೊಮ್ಮೆ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ.

"ಏಮಿ ಸಾರೂ, ನನ್ ಟೀ ಕುಡಿಯಾಕೇ ನಿಲ್ತೈತೇನು ನಿನ್ ಬಂಡಿ? ಮರದ ಬುಡಕ್ಕೆ ಒಂದು ಕಾಯಿ ಒಡಿ ಅಂದೆ, ಒಡದ್ಯಾ?"

ಒಡೆದಿದ್ದೆ. ಅದನ್ನೂ ಪುಸ್ತಕದಲ್ಲಿ ಬರೆದಿದ್ದೆ. ಮರುದಿನ ಹದಿನೈದೂವರೆಗೆ ನಿಂತಿತ್ತು. "ಅರ್ಧ ಕಿಲೋಮೀಟರ್ ಜಾಸ್ತಿ ಬಂತು ಓಬಕ್ಕ" ಅಂದಿದ್ದೆ. "ಸಣ್ಣ ಕಾಯಿ ತಂದಿರ್ತೀಯ" ಅಂದಿದ್ದಳು.

ಅಮಾವಾಸ್ಯೆಗೆ ಎರಡು ದಿನ ಇದೆ ಅನ್ನುವಾಗ ಒಂದು ಬೆಳಿಗ್ಗೆ ಗಾಳಿ ಬಿದ್ದುಹೋಯಿತು. ಆಷಾಢದಲ್ಲಿ ಹಾಗೆ ಒಂದೆರಡು ದಿನ ಆಗುತ್ತದೆ. ಬೇವಿನ ಎಲೆ ಅಲುಗಲಿಲ್ಲ. ಕಿವಿಗೆ ಒಂದು ತಿಂಗಳಿಂದ ಒತ್ತಿಕೊಂಡಿದ್ದ ಕೈಯನ್ನು ಯಾರೋ ತೆಗೆದ ಹಾಗಿತ್ತು. ಸ್ಕೂಟರು ಮಾತ್ರ ತನ್ನ ನಿಯಮ ಬಿಡದೆ ಅಲ್ಲೇ ನಿಂತಿತು. ನಾನು ಇಳಿದು ಸೀಟು ಎತ್ತಿದೆ.

ಓಬಕ್ಕ ಒಲೆಯ ಹಿಂದಿನಿಂದ ಕೂಗಿದಳು, "ಸಾರೂ, ಈರೋಜು ಗಾಲಿ ಲೇದು!"

ತೆಲುಗು ನನಗೆ ಅಷ್ಟಿಷ್ಟು ಬರುತ್ತಿತ್ತು. ಈರೋಜು ಎಂದರೆ ಇವತ್ತು, ಲೇದು ಎಂದರೆ ಇಲ್ಲ. ಆದರೆ 'ಗಾಲಿ' ನನ್ನ ಕನ್ನಡ ಕಿವಿಗೆ ಚಕ್ರವಾಗಿಯೇ ಬಿತ್ತು. ಗಾಬರಿಯಾಗಿ ಬಗ್ಗಿ ಚಕ್ರ ನೋಡಿದೆ. ನಾಲ್ಕೂ ಇದ್ದವು. ಅವಳು ಹೊಟ್ಟೆ ಹಿಡಿದು ನಕ್ಕಳು.

"ಅಯ್ಯೋ, ಆ ಗಾಲಿ ಅಲ್ಲ ಸಾರೂ, ಗಾಳಿ! ಗಾಳಿ ಇಲ್ಲ ಅಂದೆ!"

ನಾನೂ ನಗುತ್ತ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಆಗ ಕೇಳಿಸಿತು. ಉಸ್ ಎಂದು ಒಂದು ಉದ್ದ ಉಸಿರು. ಹೊರಗೆ ಬಿಟ್ಟದ್ದಲ್ಲ, ಒಳಗೆ ಎಳೆದದ್ದು. ಇಪ್ಪತ್ತು ಸಲ ಆ ಮುಚ್ಚಳ ತೆಗೆದಿದ್ದೆ. ಇಪ್ಪತ್ತು ಸಲವೂ ಆಷಾಢದ ಗಾಳಿಯ ಅಬ್ಬರ ಆ ಸದ್ದನ್ನು ಮುಚ್ಚಿಹಾಕಿತ್ತು. ಇಷ್ಟು ಗಾಳಿಯ ನಡುವೆ ನನ್ನ ಟ್ಯಾಂಕಿನಲ್ಲಿ ಗಾಳಿ ಇರಲಿಲ್ಲ.

ಮುಚ್ಚಳದ ನಡುವೆ ಸೂಜಿಯಷ್ಟು ಒಂದು ತೂತು ಇರುತ್ತದೆ. ಪೆಟ್ರೋಲು ಕೆಳಗೆ ಇಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಬರಬೇಕು. ಬರದಿದ್ದರೆ ಪೆಟ್ರೋಲು ಇಳಿಯುವುದಿಲ್ಲ, ತುಂಬಿದ ಬಾಟಲಿಯನ್ನು ತಟ್ಟನೆ ಬೋರಲು ಹಿಡಿದರೆ ನೀರು ಗುಟುಕರಿಸಿ ನಿಲ್ಲುವ ಹಾಗೆ. ಪೂರ್ತಿ ತುಂಬಿದ ಟ್ಯಾಂಕಿನಲ್ಲಿ ಮೊದಲೇ ಗಾಳಿ ಕಡಿಮೆ, ಅದಕ್ಕೇ ಬೇಗ ಉಸಿರು ಕಟ್ಟುತ್ತಿತ್ತು. ಹಳೆಯ ಎಂಜಿನ್ನು ಗುಬ್ಬಿಯ ಹಾಗೆ ಕುಡಿಯುತ್ತಿತ್ತು, ಅಷ್ಟಕ್ಕೆ ಎಲ್ಲಿಂದಲೋ ಒಂದಿಷ್ಟು ಗಾಳಿ ನುಸುಳಿ ಸಾಕಾಗುತ್ತಿತ್ತು. ಹೊಸ ಎಂಜಿನ್ನು ಹೋರಿಯ ಹಾಗೆ ಕುಡಿಯುತ್ತಿತ್ತು.

ಮುಚ್ಚಳದ ತೂತು ನೋಡಿದೆ. ಚೊಕ್ಕಟವಾಗಿತ್ತು. ಹಾಗಾದರೆ ಅದನ್ನು ಮುಚ್ಚುತ್ತಿದ್ದದ್ದು ಯಾವುದು? ನನ್ನ ಎಡಗಂಕುಳಲ್ಲೇ ಇತ್ತು. ಸೀಟು ಎತ್ತಿದಾಗೆಲ್ಲ ತೆಗೆದು ಹಿಡಿದುಕೊಳ್ಳುತ್ತಿದ್ದ ಕಂಬಳಿ.

ಅದು ಅವ್ವನ ಅಪ್ಪ ಪೂಜೆಗೆ ಕೂರುತ್ತಿದ್ದ ಸಣ್ಣ ಕರಿಯ ಕಂಬಳಿ. ಸ್ಕೂಟರಿನ ಸೀಟಿನ ಸ್ಪ್ರಿಂಗು ಹೋಗಿತ್ತು, ಗುಂಡಿಗೆ ಇಳಿದರೆ ನನ್ನ ಸೊಂಟದ ಮೂಳೆಗೆ ಬಡಿಯುತ್ತಿತ್ತು. ಮುಚ್ಚಳದ ತೂತಿನಿಂದ ಪೆಟ್ರೋಲು ಚಿಮ್ಮಿ ಪ್ಯಾಂಟು ತೊಯ್ಯುತ್ತಿತ್ತು. ಅದಕ್ಕೆ ಅವ್ವ ಅದನ್ನು ಎರಡು ಮಡಿಕೆ ಮಾಡಿ ಸೀಟಿನ ಕೆಳಗೆ, ಟ್ಯಾಂಕಿನ ಮೇಲೆ ಹಾಕಿಕೊಟ್ಟಿದ್ದಳು. ಗಂಜಿ ಕುಡಿದು ಬಿಗಿಯಾದ ಕಂಬಳಿ, ಅದರ ಮೇಲೆ ಸೀಟು, ಸೀಟಿನ ಮೇಲೆ ನಾನು. ಒಂದು ಹನಿ ಇಳಿಯದ ಕಂಬಳಿಯಲ್ಲಿ ಗಾಳಿ ಹೇಗೆ ಇಳಿದೀತು?

ಅವಸರ ಮಾಡಲಿಲ್ಲ. ಅಂದು ಸಂಜೆ ಕಂಬಳಿಯನ್ನು ಸೀಟಿನಡಿಯೇ ಹಾಕಿಕೊಂಡು ಶಾಲೆಯಿಂದ ಹೊರಟೆ, ಹದಿನಾಲ್ಕು ಕಿಲೋಮೀಟರಿಗೆ ನಿಂತಿತು. ಅಲ್ಲಿಂದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಪೂರ್ತಿ ಹಿಡಿ ತಿರುವಿದೆ. ಚಳ್ಳಕೆರೆಯವರೆಗೆ ಒಂದು ಸಲವೂ ತೊದಲಲಿಲ್ಲ. ನೇರ ದಸ್ತಗೀರನ ಶೆಡ್ಡಿಗೆ ಹೋದೆ.

"ದಸ್ತಗೀರ್, ಒಂದು ಮಾತು ಕೇಳ್ತೀನಿ. ನೀನು ಟ್ರಯಲ್ ಹೋಗುವಾಗ ಈ ಕಂಬಳಿ ಎಲ್ಲಿರ್ತಿತ್ತು?"

"ಅಲ್ಲಿ" ಎಂದು ಗೋಡೆ ತೋರಿಸಿದ. ಸ್ಪ್ಯಾನರುಗಳ ಸಾಲಿನಿಂದ ದೂರ, ಮೇಲುಗಡೆ, ಒಂದು ಮೊಳೆ ಬೇರೆಯಾಗಿಯೇ ಇತ್ತು. ಅದಕ್ಕೆ ಒಂದು ಚೂರು ಎಣ್ಣೆಯೂ ತಾಗಿರಲಿಲ್ಲ. "ಪೂಜೆ ಕಂಬಳಿ ಅಂತ ನಿಮ್ ಅವ್ವಾರು ಹೇಳಿದ್ರಲ್ಲ. ನಮ್ದು ಎಣ್ಣೆ ಕೈ. ಕೈ ತೊಳ್ಕೊಂಡು, ತೆಗೆದು ಅಲ್ಲಿ ಹಾಕಿ, ಆಮೇಲೆ ಕೆಲ್ಸ ಮುಟ್ಟೋದು. ಅದರ ಮೇಲೆ ನಾನ್ ಹೆಂಗೆ ಕೂರ್ಲಿ?"

ನಾನು ಕಂಬಳಿಯನ್ನು ಮುಚ್ಚಳದ ಮೇಲೆ ಇಟ್ಟು ಅಂಗೈಯಿಂದ ಒತ್ತಿ ತೋರಿಸಿದೆ. ಅವನು ನನ್ನ ಅಂಗೈ ನೋಡಿದ. ಗೋಡೆಯ ಮೊಳೆ ನೋಡಿದ. ನಿಧಾನವಾಗಿ ಟೈರಿನ ಮೇಲೆ ಕೂತು ಎರಡೂ ಕೈಯಿಂದ ಹಣೆ ಹಿಡಿದುಕೊಂಡ. ಹಣೆಯೆಲ್ಲ ಕಪ್ಪಾಯಿತು.

"ಯಾ ಅಲ್ಲಾ. ಅದಬ್ ಮಾಡೋಕೆ ಹೋಗಿ ಅಕಲ್ ಕಳ್ಕೊಂಡ್ನಲ್ಲ ಮೇಷ್ಟ್ರೆ!" ಅಂದ. ಮರ್ಯಾದೆ ಕೊಡಲು ಹೋಗಿ ಬುದ್ಧಿ ಕಳೆದುಕೊಂಡೆ ಎಂದು. ಆಮೇಲೆ ಎದ್ದು ರಸ್ತೆಯ ಆಚೆಗೆ ಕೇಳುವ ಹಾಗೆ ಕೂಗಿದ, "ಎಂಜಿನ್ದು ತಪ್ಪಿಲ್ಲ ಕಣಲೇ! ಅದು ಕೇಳಿದ್ದು ನ್ಯಾಯ! ನಾವೇ ಕೊಟ್ಟಿಲ್ಲ!"

ಕಾರ್ಬೋರೇಟರನ್ನು ಕೊನೆಯ ಸಲ ಬಿಚ್ಚಿ ತೊಳೆದು ಕೂರಿಸುವಾಗ, ನಡುವೆ ಹಾಕುವ ಗ್ಯಾಸ್ಕೆಟ್ ಹರಿದಿತ್ತು. "ಒಳ್ಳೇ ರಟ್ಟು ಐತಾ ಮೇಷ್ಟ್ರೆ? ಕತ್ತರಿಸಿ ಹಾಕ್ತೀನಿ" ಅಂದ. ಚೀಲ ತೆಗೆದೆ. ಅರ್ಜಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡು ಹಸಿರು ಫೈಲನ್ನು ಅವನ ಕೈಗೆ ಕೊಟ್ಟೆ.

ಕಂಬಳಿ ಬೇಡವೆನ್ನುವ ಹಾಗಿರಲಿಲ್ಲ, ನನ್ನ ಸೊಂಟಕ್ಕೆ ಅದು ಬೇಕೇ ಬೇಕು. ತೂತು ಮಾಡಬೇಕು. ದಸ್ತಗೀರ್ ಕತ್ತರಿ ಮುಟ್ಟಲು ಒಪ್ಪಲಿಲ್ಲ, ನನ್ನ ಜೊತೆ ಮನೆಯವರೆಗೆ ಬಂದ. ಅವ್ವ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿದಳು. 

"ಅಂದ್ರೆ, ನಾನೇ ಅದರ ಉಸಿರು ಕಟ್ಸಿದ್ನಾ?" ಅಂದಳು.

"ಹಂಗಲ್ಲವ್ವ..."

"ಹಂಗೇ. ಸುಮ್ಕಿರು." ಒಳಗೆ ಹೋದಳು. ಕತ್ತರಿ, ಸುಣ್ಣದ ಡಬ್ಬಿ, ಒಂದು ಲೋಟ ತಂದಳು. ಲೋಟದ ಬಾಯಿಗೆ ಸುಣ್ಣ ಸವರಿ ಕಂಬಳಿಯ ನಡುವೆ ಒತ್ತಿದಳು. ಕರಿಯ ಉಣ್ಣೆಯ ಮೇಲೆ ಬಿಳಿಯ ಉಂಗುರ ಮೂಡಿತು.

"ಬ್ಯಾಡ್ರಿ ಅವ್ವಾ" ಅಂದ ದಸ್ತಗೀರ್. "ನಿಮ್ ಅಪ್ಪಾರು ಪೂಜೆಗೆ ಕುಂತಿದ್ದು. ಬೇರೆ ಏನಾರ ಮಾಡೋಣ."

"ನಮ್ಮಪ್ಪ ಇದರ ಮ್ಯಾಲೆ ಕುಂತು ಏನು ಬೇಡ್ಕೊಂಡ ಗೊತ್ತೇನೋ? ಈ ಹುಡುಗ ತನ್ನ ಕಾಲ ಮ್ಯಾಲೆ ತಾನು ಓಡಾಡ್ಲಿ ಅಂತ. ಕಾಲಾಗ್ಲಿಲ್ಲ, ಚಕ್ರ ಆತು. ಹಿಡಿ ಆ ಕಡೆ, ಬಿಗಿಯಾಗಿ ಹಿಡಿ."

ಕತ್ತರಿಸಿದಳು. ಉಂಗುರದಿಂದ ಕಂಬಳಿಯ ಅಂಚಿನವರೆಗೆ, ಗಾಳಿಗೆ ದಾರಿಯಾಗಿ, ಒಂದು ಸೀಳನ್ನೂ ಬಿಟ್ಟಳು. ನೂಲು ಬಿಚ್ಚದಂತೆ ಸುತ್ತ ಹೊಲಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ನಾನು ನೋಡುತ್ತಿದ್ದೆ.

ಭೀಮನ ಅಮಾವಾಸ್ಯೆಯ ಹಿಂದಿನ ದಿನ ಗಾಳಿ ಮತ್ತೆ ಎದ್ದಿತ್ತು. ಟ್ಯಾಂಕನ್ನು ಬೇಕೆಂದೇ ಬಾಯಿಮಟ್ಟ ತುಂಬಿಸಿದೆ. ಒಂಬತ್ತನೆಯ ಕಲ್ಲು ಬಂದಾಗ ಕೈ ನಡುಗಿತು. ನಡುಗುತ್ತಿದ್ದ ಕೈಯಿಂದಲೇ ಹಿಡಿಯನ್ನು ಪೂರ್ತಿ ತಿರುವಿದೆ. ಎಂಜಿನ್ನು ತೊದಲಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ಮುಂದೆ ಒಂದು ಲಾರಿ ಗಾಳಿಗೆ ತಿಣುಕುತ್ತ ಹೋಗುತ್ತಿತ್ತು. ಹಾರನ್ ಒತ್ತಿದೆ, ಜಾಗ ಕೊಡಲಿಲ್ಲ. ಬಲಕ್ಕೆ ಬಂದು ಅದನ್ನು ದಾಟಿ ಮುಂದೆ ಸೇರಿದೆ. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ, "ಲೇ, ಸಾಯಾಕೆ ನಮ್ ಗಾಡೀನೇ ಬೇಕೇನಲೇ ನಿಂಗೆ!"

ಪೂರ್ತಿ ಬೈದ. ಒಂದಕ್ಷರವನ್ನೂ ನುಂಗಲಿಲ್ಲ. ಗಾಳಿಯಲ್ಲಿ ನಾನು ಗಟ್ಟಿಯಾಗಿ ನಕ್ಕೆ.

ಹದಿನೈದರಲ್ಲಿ ಓಬಕ್ಕ ಟೀ ಲೋಟ ಹಿಡಿದು ರಸ್ತೆಯ ಪಕ್ಕದವರೆಗೆ ಬಂದಿದ್ದಳು. ನಿಲ್ಲಲಿಲ್ಲ. ಶಾಲೆಯ ಗೇಟಿಗೆ ಬೀಗ ಇತ್ತು.

ತಿಪ್ಪೇಸ್ವಾಮಿ ಸರ್ ಬಂದಾಗ ನಾನು ಗೇಟಿನ ಮುಂದೆ ಸ್ಕೂಟರಿನ ಮೇಲೆ ಕೂತಿದ್ದೆ. ಅವರು ಗಡಿಯಾರ ನೋಡಿದರು. ನನ್ನನ್ನು ನೋಡಿದರು.

"ನಾಳೆ ಅಮಾಸೆ. ಆ ಫೈಲ್ ಎಲ್ಲಿ?"

"ಎಂಜಿನ್ನಿನ ಒಳಗೈತೆ ಸರ್."

"ಎಲ್ಲಿ?"

"ರಟ್ಟು ಗಟ್ಟಿ ಇತ್ತು. ಗ್ಯಾಸ್ಕೆಟ್ ಆಯ್ತು. ಅರ್ಜಿ ಇಲ್ಲೈತೆ. ಒಂದು ಪದ ತಪ್ಪಿತ್ತು, ತಿದ್ದಿದ್ದೀನಿ."

ಬಿಡಿಸಿ ನೋಡಿದರು. ಮೂರನೆಯ ಸಾಲಿನ 'ಅಶಕ್ತನಾದ' ಪದದ ಸುತ್ತ, ಮಕ್ಕಳ ಉತ್ತರಪತ್ರಿಕೆಗೆ ಹಾಕುವ ಹಾಗೆ, ಕೆಂಪು ಶಾಯಿಯಲ್ಲಿ ಒಂದು ವೃತ್ತ, ಅದರ ಮೇಲೆ ಅಡ್ಡಗೆರೆ. ಅವರು ಕಾಗದವನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡು ಬೀಗದ ಕೈ ತೆಗೆದರು. "ಮೊದಲ ಪಿರಿಯಡ್ ನಿಮ್ದೇ ಅಲ್ವೇನ್ರಿ? ನಡೀರಿ" ಅಂದರು.

ಆ ಶಾಲೆಯಲ್ಲಿ ಇನ್ನೂ ಹನ್ನೊಂದು ವರ್ಷ ಇದ್ದೆ. ಅವ್ವ ಈಗಿಲ್ಲ. ದಸ್ತಗೀರನ ಶೆಡ್ಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಅವನು ಹೊರವಲಯದಲ್ಲಿ ದೊಡ್ಡ ಶೆಡ್ಡು ಹಾಕಿಕೊಂಡಿದ್ದಾನೆ. ಹಸಿರು ಗ್ಯಾಸ್ಕೆಟ್ಟು ಸುಟ್ಟು ಎಷ್ಟೋ ಕಾಲವಾಯಿತು. ಕಂಬಳಿ ಮಾತ್ರ ಇಷ್ಟು ವರ್ಷ ಬಾಳಿ, ಈ ಬೇಸಿಗೆಯಲ್ಲಿ ಮಡಿಕೆಯ ಗುಂಟ ಹರಿಯಿತು. ಅದಕ್ಕೇ ಹೋದ ತಿಂಗಳು ಆ ಅಂಗಡಿಗೆ ಹೋಗಿದ್ದು.

ಅಂಗಡಿಯವನು ಕಂಬಳಿಯಲ್ಲಿ ನಿಂತಿದ್ದ ನೀರನ್ನು ಚೆಲ್ಲಿ, ಮಡಚಿ ಕಟ್ಟಲು ಹೊರಟ. ನಾನು ತಡೆದೆ. ನೀರು ಸುರಿದ ಆ ಲೋಟ ಕೊಡಿ ಎಂದೆ, ಒಂದು ಚೂರು ಸುಣ್ಣ ಇದ್ದರೆ ಅದನ್ನೂ.

"ಸುಣ್ಣ ಯಾಕೆ ಸಾರ್?"

ಲೋಟವನ್ನು ಬೋರಲು ಹಾಕಿ ಒತ್ತಿದೆ. ಹೊಸ ಕಂಬಳಿಯ ಮೇಲೆ ಬಿಳಿಯ ಉಂಗುರ ಮೂಡಿತು.

"ಇಷ್ಟಗಲ ಕತ್ತರಿಸಿ ಕೊಡಿ."

"ಹೊಸಾ ಕಂಬಳಿಗೆ ತೂತಾ? ಹೊರಗೆ ನೋಡ್ರಿ ಸಾರ್, ಆಷಾಢದ ಗಾಳಿ! ಹೊದ್ಕೊಂಡ್ರೆ ಒಳಗೆ ಗಾಳಿ ನುಗ್ಗಲ್ವಾ?"

"ನುಗ್ಗಲಿ" ಅಂದೆ. ಹೊರಗೆ ನಾಲ್ಕು ಚಕ್ರದ ಮೇಲೆ ಆ ಹಳೆಯ ಸ್ಕೂಟರು ಕಾಯುತ್ತಿತ್ತು.